ಕೋಟೆದಿಬ್ಬಕ್ಕೆ ಕಾವಲು ಬೇಕು

ಆ ದಿನ ಮಹದೇವಪ್ಪನವರ ಹಸುಗಳು ಹೋದಷ್ಟೇ ಬೇಗ ಹಟ್ಟಿಗೆ ಹಿಂದಿರುಗಿದವು. ಒಂದಕ್ಕೂ ಹೊಟ್ಟೆ ತುಂಬಿರಲಿಲ್ಲ. ಕೋಟೆದಿಬ್ಬದ ಗೋಮಾಳಕ್ಕೆ ಯಾರೋ ಮುಳ್ಳುತಂತಿ ಬೇಲಿ ಹಾಕಿದ್ದರು.

ಶನಿವಾರಸಂತೆ ಕಡೆಯ ಈ ಹಳ್ಳಿಗೆ ಕೋಟೆದಿಬ್ಬ ಅಂಟಿಕೊಂಡೇ ಇದೆ. ಮೇಲೆ ಕುಸಿದ ಕಲ್ಲುಕೋಟೆ, ಸಾಲಾಗಿ ವೀರಗಲ್ಲುಗಳು. ಸುತ್ತ ಊರ ದನ ಮೇಯುವ ಜಾಗ. ಇಪ್ಪತ್ತು ವರ್ಷದಿಂದ ನಿಂಗ ಅಲ್ಲಿ ಕಾವಲಿದ್ದ. ಖರ್ಚು ಕಡಿಮೆ ಮಾಡಬೇಕೆಂದು ಸರ್ಕಾರ ಏಪ್ರಿಲ್‌ನಲ್ಲಿ ಅವನ ಕೆಲಸ ತೆಗೆಯಿತು. ಕಾವಲು ಹೋದದ್ದೇ ತಡ, ಕೋಟೆಯ ಕಲ್ಲುಗಳು ಟ್ರ್ಯಾಕ್ಟರ್ ಹತ್ತತೊಡಗಿದವು. ಈಗ ಬೇಲಿಯೂ ಬಂತು.

ಸಂಜೆ ಪಕ್ಕದ ಮನೆಯ ಕುಸುಮಾ ಬಂದಳು. ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು ಅವಳೇ. ಕೈಯಲ್ಲಿ ಒಂದು ಅರ್ಜಿ ಇತ್ತು.

"ದೊಡ್ಡಪ್ಪ, ಶುಕ್ರವಾರ ಗ್ರಾಮಸಭೆ ಐತೆ. ದಿಬ್ಬಕ್ಕೆ ಕಾವಲು ವಾಪಸ್ ಕೊಡಿ, ಗೋಮಾಳ ಅಳತೆ ಮಾಡಿ ಅಂತ ಕೇಳಣ. ಒಂದು ಸೈನ್ ಹಾಕಿ."

"ಸರ್ಕಾರಕ್ಕೇ ಬೇಡದ ಕಲ್ಲು ನಮಗ್ಯಾಕವ್ವಾ?" ಎಂದರು ಮಹದೇವಪ್ಪ. "ರಸ್ತೆಗೇ ದುಡ್ಡಿಲ್ಲ ಅಂತಾರೆ. ಮೊದ್ಲು ಬದುಕಿರೋರನ್ನ ನೋಡ್ಲಿ."

"ರಸ್ತೆನೂ ಬೇಕು, ಯಾರು ಬೇಡ ಅಂದ್ರು? ರಸ್ತೆ ಕಿತ್ತೋದ್ರೆ ಇನ್ನೊಂದ್ಸಲ ಹಾಕ್ಬೌದು. ಈ ಕಲ್ಲು ಪುಡಿ ಆದ್ರೆ ಯಾವ ಬಜೆಟ್ ಬಂದ್ರೂ ವಾಪಸ್ ಬರಲ್ಲ. ನಿಮ್ಮ ಹಸು ಇವತ್ತು ಹಸ್ಕೊಂಡು ಬಂದಿದ್ಯಾಕೆ ಹೇಳಿ? ಕೇಳೋರಿಲ್ಲ ಅಂತ ಗೊತ್ತಾಗಿದ್ದಕ್ಕೆ ತಾನೇ ಬೇಲಿ ಬಂದಿದ್ದು?"

ಮಹದೇವಪ್ಪನವರ ಹೆಂಡತಿ ಸುಲೋಚನಮ್ಮ ಅಕ್ಕಿ ಆರಿಸುತ್ತಾ ಕೇಳಿಸಿಕೊಳ್ಳುತ್ತಿದ್ದರು. ಈಗ ಎದ್ದು ಹಿತ್ತಲ ಬಾಗಿಲು ತೆಗೆದರು.

"ಬಾರವ್ವಾ ಇಲ್ಲಿ. ಈ ಒಗೆಯೋ ಕಲ್ಲು ನೋಡು. ಹೋದ ತಿಂಗಳು ಇವರೇ ದಿಬ್ಬದಿಂದ ತಂದಿದ್ದು. ಎಲ್ರೂ ತರ್ತಾವ್ರೆ ಅಂತ ಇವರೂ ತಂದ್ರು."

ಇಬ್ಬರೂ ಹಾರೆ ಕೊಟ್ಟು ಕಲ್ಲನ್ನು ಮಗುಚಿದರು. ಕೆಳಮುಖವಾಗಿದ್ದ ಬದಿಯಲ್ಲಿ ಬಿಲ್ಲು ಹಿಡಿದ ವೀರನೊಬ್ಬ ನಿಂತಿದ್ದ. ಅವನ ಹಿಂದೆ ಸಾಲು ಹಸುಗಳು.

"ಊರ ದನ ಹೊಡ್ಕೊಂಡು ಹೋಗಕ್ಕೆ ಬಂದೋರನ್ನ ತಡೆದು ಸತ್ತೋನು ಇವ್ನು," ಎಂದಳು ಕುಸುಮಾ. "ಇಂಥ ಕಲ್ಲಲ್ಲಿ ಕೆಲವೊಮ್ಮೆ ಹೆಸರೂ ಬರೆದಿರ್ತಾರೆ. ಇಲ್ಲಿ ಅಕ್ಷರ ಶುರುವಾಗೈತೆ, ಮೂಲೆನೇ ಒಡೆದೋಗೈತೆ."

ಮಹದೇವಪ್ಪ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ಒಡೆದಿದ್ದು ನಾನೇ ಕಣವ್ವಾ. ಸಮ ಕೂರ್ಲಿ ಅಂತ ಸುತ್ತಿಗೇಲಿ ಹೊಡೆದೆ."

ಚೂರು ಎಲ್ಲಿ ಹೋಯಿತೆಂದು ಅವರಿಗೆ ನೆನಪಿರಲಿಲ್ಲ. ಹಿತ್ತಲೆಲ್ಲ ಹುಡುಕಿದರು. ಸಿಗಲಿಲ್ಲ. ಮಹದೇವಪ್ಪ ಒಳಗೆ ಬಂದು, ಯಾರೂ ಹೇಳದೆಯೇ ಅರ್ಜಿಗೆ ಸಹಿ ಹಾಕಿದರು.

ಮರುದಿನ ಕಲ್ಲನ್ನು ಗಾಡಿಗೆ ಹೇರಿ ನಿಂಗನ ಮನೆ ಮುಂದೆ ನಿಲ್ಲಿಸಿದರು. ನಿಂಗ ಹತ್ತಿ ಕೂತ. ಯಾವ ಕಲ್ಲು ಎಲ್ಲಿತ್ತೆಂದು ಅವನಿಗೆ ಗೊತ್ತಿತ್ತು.

ಗ್ರಾಮಸಭೆಯಲ್ಲಿ ಬೇಲಿ ಹಾಕಿಸಿದ್ದ ಪಕ್ಕದ ತೋಟದವನು, "ಅದು ಪಾಳು ಜಾಗ. ಯಾರಿಗೂ ಬೇಕಾಗಿಲ್ಲ," ಎಂದ.

ಮಹದೇವಪ್ಪ ಎದ್ದು ನಿಂತರು. "ನಾನೂ ಹಂಗೇ ಅಂದ್ಕೊಂಡಿದ್ದೆ. ಅಲ್ಲಿಂದ ಒಂದು ಕಲ್ಲು ತಂದು ಅದರ ಮೇಲೆ ಬಟ್ಟೆ ಒಗೆಸ್ದೆ. ತಪ್ಪಾಯ್ತು, ವಾಪಸ್ ಇಟ್ಟು ಬಂದಿದೀನಿ. ಇನ್ನೂ ಯಾರ್ಯಾರ ಮನೇಲಿ ಇದಾವೋ ತಂದಿಡಿ. ನೀನೂ ತಂತಿ ಬಿಚ್ಚಪ್ಪ."

ಕುಸುಮಾ ಪಹಣಿ ತೆಗೆದು ಓದಿದಳು. ಅದರಲ್ಲಿ ಗೋಮಾಳವೆಂದೇ ಇತ್ತು.

"ಕಾವಲಿಗೆ ಅನುದಾನ ಇಲ್ಲವಲ್ಲಮ್ಮ," ಎಂದರು ಸಭೆಗೆ ಬಂದಿದ್ದ ತಾಲ್ಲೂಕು ಅಧಿಕಾರಿ.

"ಇಲ್ಲ ಅಂತ ಬರೆದು ಕೊಡಿ ಸರ್," ಎಂದರು ಸುಲೋಚನಮ್ಮ. "ಬೇಕು ಅಂತ ನಾವು ನಿರ್ಣಯ ಬರೆಸ್ತೀವಿ. ಎರಡನ್ನೂ ಮೇಲಕ್ಕೆ ಕಳಿಸಣ."

ನಿರ್ಣಯವಾಯಿತು. ಅರ್ಜಿಯ ಪ್ರತಿ ತಹಶೀಲ್ದಾರರಿಗೆ, ಶಾಸಕರಿಗೆ, ಪುರಾತತ್ವ ಇಲಾಖೆಗೆ ಹೋಯಿತು. ಕೊಟ್ಟ ಕಡೆಯಲ್ಲೆಲ್ಲ ಸ್ವೀಕೃತಿ ಪಡೆದರು. ಊರಿನ ಸ್ವಸಹಾಯ ಸಂಘದ ಹೆಂಗಸರು ಪ್ರತಿ ಕಲ್ಲಿನ ಫೋಟೋ ತೆಗೆದು ಪಟ್ಟಿ ಮಾಡಿದರು. ಒಂಬತ್ತು ವೀರಗಲ್ಲುಗಳು ಮನೆಗಳಿಂದ ಹಿಂದಿರುಗಿದವು. ನಿಂಗನ ಲೆಕ್ಕದಲ್ಲಿ ಎರಡು ಇನ್ನೂ ಸಿಕ್ಕಿಲ್ಲ. ಅಳತೆಗೆ ಬಂದವರು ಬೇಲಿ ಗೋಮಾಳದೊಳಗೇ ಇದೆಯೆಂದು ಬರೆದರು, ತಂತಿ ಕಿತ್ತರು. ಕಾವಲಿನ ಆದೇಶಕ್ಕೆ ಮಾತ್ರ ಮೂರು ಸಲ ಪತ್ರ ಬರೆಯಬೇಕಾಯಿತು. ದೀಪಾವಳಿಯ ಮುಂಚೆ ನಿಂಗ ಮತ್ತೆ ಕೆಲಸಕ್ಕೆ ಹೋದ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮೂರಲ್ಲೂ ಒಂದು ಹಳೆಯ ಗುಡಿ, ಕೋಟೆ, ಕೆರೆ, ದೇವರಕಾಡು ಇದ್ದೇ ಇದೆ. ಅದಕ್ಕೆ ಕಾವಲಿದೆಯೇ, ಈ ವರ್ಷ ಅದರ ಅನುದಾನ ಏನಾಯಿತು ಎಂದು ವಿಚಾರಿಸಿ. ಪಹಣಿ ತೆಗೆಸಿ. ಕೇಳುವುದನ್ನು ಬರಹದಲ್ಲೇ ಕೇಳಿ. ಊರಿನವರು ಸುಮ್ಮನಿದ್ದ ಕಡೆಯೇ ಕಡಿತದ ಕತ್ತರಿ ಮೊದಲು ಬೀಳುವುದು. ಮುಂದಿನ ಗ್ರಾಮಸಭೆ ಯಾವಾಗ ಎಂದು ಇವತ್ತೇ ಪಂಚಾಯಿತಿಯಲ್ಲಿ ಕೇಳಿ ತಿಳಿಯಿರಿ, ಹೋಗುವಾಗ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.