ಕಮಿಟಿಯ ಕೈಗೆ ಚಿಪ್ಪು

ಅರುಣಾ ಮೇಡಂಗೆ ಬೆಳಗಿನಿಂದ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಯೂನಿವರ್ಸಿಟಿಯ ಕಮಿಟಿ ಅರಸೀಕೆರೆಗೆ ಬರುವ ದಿನ ಅದು. ಈ ಕಾಲೇಜಿಗೆ ಪರಿಸರ ವಿಜ್ಞಾನದ ಬಿ.ಎಸ್ಸಿ. ಕೊಡಬೇಕೋ ಬೇಡವೋ ಎಂದು ಅವರು ಬಂದು ನೋಡಿ ತೀರ್ಮಾನಿಸಬೇಕು. ಸಸ್ಯಶಾಸ್ತ್ರ ಪಾಠ ಮಾಡುವ ಅರುಣಾ ವರ್ಷಗಟ್ಟಲೆ ಇದಕ್ಕಾಗಿ ಚಪ್ಪಲಿ ಸವೆಸಿದ್ದಳು. ಈ ಸಲ ಇಲ್ಲ ಎಂದರೆ ಮುಗಿದೇ ಹೋಯಿತು. ಕೋರ್ಸಿಗೆಂದು ಇಟ್ಟಿದ್ದ ಕೋಣೆಗಳನ್ನು ಬಿ.ಬಿ.ಎಂ.ಗೆ ಕೊಟ್ಟುಬಿಡುತ್ತೇನೆ ಎಂದು ಪ್ರಿನ್ಸಿಪಾಲ್ ಜಯದೇವಪ್ಪನವರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ಜಯದೇವಪ್ಪನವರು ಕೆಟ್ಟವರೇನಲ್ಲ. ಕಾಲೇಜಿಗೆ ಹೆಸರು ಬರಲಿ ಎಂದು ಜೀವ ಬಿಡುವ ಮನುಷ್ಯ. ಆದರೆ ಅವರ ಪಾಲಿಗೆ ಪರಿಸರ ಎಂದರೆ ಹುಲ್ಲು. ಬೆಂಗಳೂರಿನಿಂದ ಲಾರಿಯಲ್ಲಿ ಲಾನು ತರಿಸಿ, ಚಾಪೆ ಬಿಡಿಸಿದ ಹಾಗೆ ಆಫೀಸಿನ ಮುಂದೆ ಹಾಸಿಸಿದ್ದರು. ಊರಿಗೆ ಊರೇ ಕೊಡ ಹಿಡಿದು ನಲ್ಲಿ ಕಾಯುವ ಮಾರ್ಚ್ ತಿಂಗಳಲ್ಲಿ ಆ ಹುಲ್ಲಿಗೆ ದಿನಾ ಟ್ಯಾಂಕರ್ ನೀರು! ಇದೇನು ಸಾರ್ ಎಂದು ಅರುಣಾ ಕೇಳಿದ್ದಕ್ಕೆ, "ಸುಸ್ತಿರ ಅಭಿವೃದ್ಧಿ ಅಂದ್ರೆ ಕಣ್ಣಿಗೆ ಕಾಣ್ಬೇಕು ಕಣ್ರೀ" ಎಂದಿದ್ದರು.

"ಸುಸ್ಥಿರ, ಸಾರ್" ಎಂದು ತಿದ್ದಿದಳು. ಅದೂ ಒಂದು ತಪ್ಪಾಯಿತು.

ಜಗಳ ಜೋರಾದದ್ದು ಮಾತ್ರ ಮಜ್ಜಿಗೆಯ ಲೋಟಕ್ಕೆ. ಕಮಿಟಿಯವರಿಗೆ ನೀರುಮಜ್ಜಿಗೆ ಕೊಡಲು ಪ್ರಿನ್ಸಿಪಾಲರು ಪ್ಲಾಸ್ಟಿಕ್ ಲೋಟ ತರಿಸಿದ್ದರು. ಪರಿಸರದ ಕೋರ್ಸು ಕೊಡಿ ಎಂದು ಪ್ಲಾಸ್ಟಿಕ್ ಹಿಡಿದು ಕೇಳುವುದೇ? ಬಿ.ಎಸ್ಸಿ. ಹುಡುಗಿಯರು ಕಿಡಿಕಿಡಿಯಾದರು.

ಜಾವಗಲ್ಲಿನಿಂದ ಬಸ್ಸಿಗೆ ಬರುವ ಕೋಮಲ, "ತೆಂಗಿನ ಸೀಮೇಲಿದ್ಕಂಡು ನಮಗ್ಯಾಕೆ ಮೇಡಂ ಪ್ಲಾಸ್ಟಿಕ್ಕು? ನಮ್ಮನೇಲಿ ಚಿಪ್ಪು ರಾಶಿ ಐತೆ. ನಮ್ಮವ್ವ ಬಚ್ಚಲೊಲೆಗೆ ಹಾಕ್ತಾಳೆ, ಅಷ್ಟೇಯ" ಎಂದಳು.

ಹುಡುಗಿಯರು ಮನೆಮನೆಯಿಂದ ಚಿಪ್ಪು ಹೊತ್ತು ತಂದರು. ಉಪ್ಪುಕಾಗದದಲ್ಲಿ ಉಜ್ಜಿ, ಕೊಬ್ಬರಿ ಎಣ್ಣೆ ಸವರಿ, ಉರುಳದಂತೆ ಕೆಳಗಿಡಲು ನಾರಿನ ಪುಟ್ಟ ಸಿಂಬೆಗಳನ್ನೂ ಸುತ್ತಿದರು. ಕಪ್ಪಗೆ ಮಿರಮಿರ ಮಿಂಚುವ ಬಟ್ಟಲುಗಳನ್ನು ನೋಡಿ ಅರುಣಾಗೆ ಕುಣಿಯುವಷ್ಟು ಖುಷಿಯಾಯಿತು.

ಕಮಿಟಿ ಬರುವ ದಿನ ಬೆಳಿಗ್ಗೆ ಜಯದೇವಪ್ಪನವರು ಅದನ್ನು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು.

"ಕಮಿಟಿ ಕೈಗೆ ಚಿಪ್ಪು ಕೊಡ್ತೀರೇನ್ರೀ? ಅರಸೀಕೆರೆಯೋರು ಕರೆಸಿ ಕೈಗೆ ಚಿಪ್ಪು ಕೊಟ್ರು ಅಂತ ಯೂನಿವರ್ಸಿಟಿ ತುಂಬಾ ಆಡ್ಕೋತಾರೆ. ನಿಮ್ಮ ಕೋರ್ಸು ಹಾಳಾಗ್ಲಿ, ನನ್ನ ಮಾನದ ಗತಿ ಏನು?"

ಅರುಣಾ ಬಟ್ಟಲುಗಳ ಸಾಲಿನತ್ತ ತಿರುಗಿ ನೋಡಿದಳು. ಇಷ್ಟು ದಿನ ಚಿಪ್ಪು ಉಜ್ಜಿದವರಲ್ಲಿ ಒಬ್ಬರಿಗಾದರೂ ಇದು ಹೊಳೆದಿರಲಿಲ್ಲವಲ್ಲ! ಮೋಸ ಹೋದವನ ಕೈಯಲ್ಲಿ ಉಳಿಯುವುದು ಚಿಪ್ಪೇ ಎಂಬುದು ಯಾರಿಗೆ ಗೊತ್ತಿಲ್ಲ? ತುಟಿ ಕಚ್ಚಿಕೊಂಡು ಬಟ್ಟಲುಗಳನ್ನೆಲ್ಲ ಬುಟ್ಟಿಗೆ ತುಂಬಿಸಿ ಲ್ಯಾಬಿನ ಮೂಲೆಯಲ್ಲಿ ಮುಚ್ಚಿಡಿಸಿದಳು.

ಬೆಳಿಗ್ಗೆ ಬರಬೇಕಾದ ಕಮಿಟಿ ಬೇಲೂರು ನೋಡಿ, ಹಳೇಬೀಡು ನೋಡಿ, ನೆತ್ತಿ ಸುಡುವ ಬಿಸಿಲಲ್ಲಿ ಬಂದಿಳಿಯಿತು. ಅಧ್ಯಕ್ಷರು ಪ್ರೊಫೆಸರ್ ರೇವಣಸಿದ್ದಪ್ಪ, ನರೆತ ತಲೆಯ, ಮಾತು ಕಡಿಮೆಯ ಮನುಷ್ಯ. ಲ್ಯಾಬು ನೋಡಿದರು, ಲೈಬ್ರರಿ ನೋಡಿದರು, ತುಟಿ ಬಿಚ್ಚಲಿಲ್ಲ. ಲಾನಿನ ಮುಂದೆ ನಿಂತಾಗ ಮಾತ್ರ, "ಇದಕ್ಕೆ ನೀರು ಎಲ್ಲಿಂದ?" ಎಂದರು.

"ಟ್ಯಾಂಕರ್ ತರಿಸ್ತೀವಿ ಸಾರ್!" ಜಯದೇವಪ್ಪನವರು ಎದೆಯುಬ್ಬಿಸಿದರು.

"ಹೂಂ."

ಆ ಒಂದು ಹೂಂ ಕೇಳಿದ್ದೇ ಕೋರ್ಸು ಕೈತಪ್ಪಿತು ಎಂದು ಅರುಣಾಗೆ ಅನ್ನಿಸಿತು. ಅಷ್ಟರಲ್ಲಿ ಅಟೆಂಡರ್ ಹನುಮಯ್ಯ ಪ್ಲಾಸ್ಟಿಕ್ ಲೋಟಗಳ ತಟ್ಟೆ ಹಿಡಿದು ಬರುವುದು ಕಾಣಿಸಿತು. ಈ ಹುಲ್ಲಿನ ಮೇಲೆ ಆ ಲೋಟವೂ ಬಂದರೆ ಇನ್ನು ಕೇಳಲು ಏನು ಉಳಿಯಿತು? ಹೋಗುವುದೇ ಆದರೆ ನಮ್ಮ ಹಾದಿಯಲ್ಲೇ ಹೋಗಲಿ ಎಂದು ಅವಳಿಗೆ ರೋಷ ಉಕ್ಕಿತು.

"ಹನುಮಯ್ಯನವರೇ, ನಿಂತ್ಕೊಳಿ! ಕೋಮಲಾ, ತಗೊಂಡ್ ಬಾರೇ ಅದನ್ನ!"

ಕೋಮಲ ಓಡಿದ ಓಟಕ್ಕೆ ಜಡೆ ಗಾಳಿಯಲ್ಲಿ ಹಾರಿತು. ಚಿಪ್ಪುಗಳಿಗೆ ಮಜ್ಜಿಗೆ ಬಗ್ಗಿಸಿ, ಮೊದಲನೆಯದನ್ನು ಅರುಣಾ ತಾನೇ ಅಧ್ಯಕ್ಷರ ಮುಂದೆ ಹಿಡಿದಳು. ಅವರು ತೆಗೆದುಕೊಂಡು ಅತ್ತಿತ್ತ ತಿರುಗಿಸಿ ನೋಡಿದರು.

"ಏನಮ್ಮ, ಇಷ್ಟು ದೂರ ಕರೆಸಿ ಕೈಗೆ ಚಿಪ್ಪು ಕೊಡ್ತಿದೀರಿ?"

ಜಯದೇವಪ್ಪನವರು ಕಣ್ಣು ಮುಚ್ಚಿಕೊಂಡರು. ಅರುಣಾಳ ಬಾಯಿಂದ ಮಾತು ತಾನಾಗಿ ಹೊರಬಿತ್ತು.

"ಕೊಡೋದೇನೋ ಕೊಟ್ಬಿಟ್ಟಿದೀವಿ ಸಾರ್. ಹೋಗುವಾಗ ನೀವು ಅದನ್ನೇ ನಮ್ಮ ಕೈಗೆ ಕೊಟ್ಟು ಹೋಗ್ಬೇಡಿ, ಅಷ್ಟೇ."

ರೇವಣಸಿದ್ದಪ್ಪನವರ ಹೊಟ್ಟೆ ಮೊದಲು ಕುಲುಕಿತು, ನಗು ಹಿಂದಿನಿಂದ ಬಂತು. ಗಟಗಟ ಕುಡಿದು ಇನ್ನೊಂದಿಷ್ಟು ಹಾಕಿಸಿಕೊಂಡರು. ಮೀಸೆ ಒರೆಸಿಕೊಂಡು ಪ್ರಿನ್ಸಿಪಾಲರ ಕಡೆ ತಿರುಗಿದಾಗ ಮುಖದಲ್ಲಿ ನಗುವಿರಲಿಲ್ಲ.

"ಈ ಹುಲ್ಲು ತೆಗೆಸ್ತೀರೇನ್ರೀ?"

ಜಯದೇವಪ್ಪನವರು ಲಾನನ್ನೊಮ್ಮೆ ನೋಡಿದರು. ಎಷ್ಟು ಆಸೆಪಟ್ಟು ತರಿಸಿದ್ದರು! ಅರುಣಾಗೆ ನಿಜಕ್ಕೂ ಪಾಪ ಎನ್ನಿಸಿತು.

"ತೆಗೆಸ್ತೀನಿ ಸಾರ್" ಎಂದರು ಕೊನೆಗೆ. ಅಧ್ಯಕ್ಷರು ಕೋರ್ಸಿನ ಮಾತೇ ಎತ್ತದೆ ಕಾರಿನತ್ತ ಹೊರಟುಬಿಟ್ಟರು.

ಅವರು ಕಾರು ಹತ್ತುವಾಗಲೂ ಖಾಲಿ ಚಿಪ್ಪು ಕೈಯಲ್ಲೇ ಇತ್ತು. ಕೋಮಲ ಓಡಿಹೋಗಿ, "ಕೊಡಿ ಸಾರ್, ತೊಳೆದಿಡ್ತೀನಿ" ಎಂದು ಕೈ ಚಾಚಿದಳು.

"ಇಲ್ಲಮ್ಮ. ಇದು ನನ್ನ ಜೊತೆ ಬರುತ್ತೆ. ನಿಮ್ಮ ಕೈಗೆ ಕೊಡೋದಿಲ್ಲ" ಎಂದು ಅವರು ಬಾಗಿಲು ಹಾಕಿಕೊಂಡರು.

ಕಾರು ಗೇಟು ದಾಟಿತು. ಕೋಮಲ ಖಾಲಿ ಕೈ ನೋಡಿಕೊಂಡು ನಿಂತಿದ್ದಳು. ಎಲ್ಲರಿಗಿಂತ ಮೊದಲು ಅರ್ಥವಾದದ್ದು ಜಯದೇವಪ್ಪನವರಿಗೆ.

"ಅರುಣಾ, ಕೊಡೋದಿಲ್ಲ ಅಂದ್ರು ಕಣ್ರೀ! ಚಿಪ್ಪು ಕೊಡೋದಿಲ್ಲ ಅಂದ್ರು!"

ಹುಡುಗಿಯರ ಕೇಕೆ ಬಿ.ಎಚ್. ರೋಡಿಗೆ ಕೇಳಿಸಿತು. ಪ್ರಿನ್ಸಿಪಾಲರು ತಮ್ಮ ಹುಲ್ಲನ್ನು ಬೂಟುಗಾಲಲ್ಲೇ ತುಳಿದುಕೊಂಡು ಅಡ್ಡ ಹಾಯ್ದು ಬರುತ್ತಿದ್ದರು. ಅರುಣಾಗೆ ನಗುವೂ ಅಳುವೂ ಒಟ್ಟಿಗೇ ಬಂತು.