ಮನಶ್ಶಾಸ್ತ್ರ ಓದಿ ಮನೆ ಕಟ್ಟುವವಳು

ಮಗಳ ಮಾತು ಕೇಳಿ ಬಡಗಿಗೆ ತಲೆ ಗಿರ್ರೆಂದಿತು. ಆರ್ಕಿಟೆಕ್ಟ್ ಆಗುತ್ತೇನೆಂದು ಚಿಕ್ಕಂದಿನಿಂದ ಜಪ ಮಾಡಿದವಳು ಈಗ ಪದವಿಗೆ ಮನಶ್ಶಾಸ್ತ್ರ ಸೇರುತ್ತಾಳಂತೆ! ಅದನ್ನು ಮುಗಿಸಿ ಸ್ನಾತಕೋತ್ತರಕ್ಕೆ ಆರ್ಕಿಟೆಕ್ಚರ್ ಅಂತೆ. ಹೊರದೇಶದ ಕೆಲವು ಕಾಲೇಜುಗಳಲ್ಲಿ ಬೇರೆ ವಿಷಯ ಓದಿದವರನ್ನೂ ಅದಕ್ಕೆ ತೆಗೆದುಕೊಳ್ಳುತ್ತಾರಂತೆ.

“ಮನಸ್ಸು ಓದಿ ಮನೆ ಕಟ್ತೀಯಾ? ಕಣ್ಮುಚ್ಕೊಂಡು ಸಿವಿಲ್ ಇಂಜಿನಿಯರಿಂಗ್ ಸೇರು.”

“ಕಣ್ಮುಚ್ಕೊಂಡು ಸೇರಿದ್ರೆ ನಾಲ್ಕು ವರ್ಷ ಕಣ್ಣೀರು ಹಾಕೋಳು ನಾನೇ ತಾನೇ ಅಪ್ಪ?”

ಮಗಳ ಬಾಯಿಗೆ ಬೀಗ ಹಾಕುವ ವಿದ್ಯೆ ಅವನಿಗೆ ಎಂದೂ ಒಲಿದಿರಲಿಲ್ಲ. ಅವಳು ದಾರಿ ತಪ್ಪಿ ಎಲ್ಲೂ ಸಲ್ಲದವಳಾದರೆ ಎಂಬ ಭಯ ಮಾತ್ರ ನಿಜವಾದದ್ದು. ತಾನು ಕೆಲಸ ಮಾಡಿಕೊಡುವ ಆರ್ಕಿಟೆಕ್ಟ್ ಮೇಡಂ ಹತ್ತಿರ ಬುದ್ಧಿ ಹೇಳಿಸೋಣವೆಂದು ಅವಳನ್ನು ಹೊರಡಿಸಿಕೊಂಡು ಹೋದ.

ಆಫೀಸಿನ ತುಂಬ ರಟ್ಟಿನ ಮನೆಗಳು, ಪೆನ್ಸಿಲ್ ಸಿಪ್ಪೆ. ಮೇಡಂ ಇಬ್ಬರ ವಾದವನ್ನೂ ಕೇಳಿ, ಇಬ್ಬರ ಮುಂದೆಯೂ ಒಂದೊಂದು ಹಾಳೆ ಇಟ್ಟರು. ಈ ಓದಿನ ವಿಚಾರ ಕೇಳಿ ಬಂದವರಿಗೆಲ್ಲ ಅವರದು ಇದೇ ಪರೀಕ್ಷೆ.

“ನಿಮ್ಮ ಅಡುಗೆಮನೆ ಚಿತ್ರ ಬಿಡಿಸಿ. ನೆನಪಿಂದ.”

ಬಡಗಿ ಹಿಗ್ಗಿ ಹೀರೇಕಾಯಿಯಾದ. ಅಲ್ಲಿನ ಒಂದೊಂದು ಹಲಗೆಯೂ ಅವನ ಕೈಯದೇ. ಕಿಟಕಿ, ಕಟ್ಟೆ, ಒಲೆ ಪಕ್ಕದ ಗೋಡೆಕಪಾಟು, ಎಲ್ಲವೂ ಅಳೆದಿಟ್ಟಂತೆ ಮೂಡಿದವು. ಮಗಳ ಹಾಳೆ ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ.

“ಇದೇನೇ, ಗೋಡೆ ಕುಡ್ದು ನಿಂತ ಹಾಗಿದೆ!”

ಆದರೆ ಅವಳ ಅಡುಗೆಮನೆಯಲ್ಲಿ ಜನರಿದ್ದರು. ಟೀ ಲೋಟ ಹಿಡಿದು ಬಾಗಿಲಿಗೆ ಅಡ್ಡ ನಿಂತವನು ತಾನೇ ಎಂದು ಬಡಗಿಗೆ ಗೊತ್ತಾಯಿತು. ಒಲೆಯ ಮುಂದೆ ಅವನ ಹೆಂಡತಿ.

“ನಿಮ್ಮಮ್ಮ ಯಾಕೆ ಹಿಂದಕ್ಕೆ ವಾಲಿದಾಳೆ?” ಎಂದ.

“ನಿನ್ನ ಕಪಾಟಿನ ಬಾಗಿಲು ತೆಗೆದ್ರೆ ನೇರ ಮುಖಕ್ಕೇ ಬರುತ್ತೆ. ದಿನಾ ವಾಲ್ತಾಳೆ.”

“ನನಗ್ಯಾಕೆ ಹೇಳ್ಲಿಲ್ಲ ಅವಳು?”

“ಬಂದೋರಿಗೆಲ್ಲ ಅದನ್ನ ತೋರಿಸಿ ಕೊಚ್ಕೊಳ್ತೀಯಲ್ಲ ಅಪ್ಪ. ನಿನಗೆ ಬೇಜಾರಾಗುತ್ತೆ ಅಂತ.”

ಬಡಗಿಯ ಮುಖ ಸಪ್ಪಗಾಯಿತು. ಮೇಡಂ ಹಾಳೆಯನ್ನು ಕೈಗೆತ್ತಿಕೊಂಡರು.

“ಮನಶ್ಶಾಸ್ತ್ರ ನಡೆಯುತ್ತಮ್ಮ. ಆದ್ರೆ ಜೊತೆಗೆ ಗಣಿತ ಬಿಡ್ಬೇಡ, ಭೌತಶಾಸ್ತ್ರ ಒಂದಿಷ್ಟು ಓದ್ಕೋ. ದಿನಾ ಚಿತ್ರ ಬಿಡ್ಸು, ಎತ್ತಿಡು, ಮುಂದೆ ಸೇರುವಾಗ ಅದನ್ನೇ ಕೇಳ್ತಾರೆ. ನೋಡೋ ಕಣ್ಣು ನಿನಗಿದೆ. ಈ ಗೆರೆಗಳನ್ನ ಮಾತ್ರ ದೇವರೇ ಕಾಪಾಡ್ಬೇಕು.”

ದಾರಿಯುದ್ದಕ್ಕೂ, ಅಪ್ಪ ಒಪ್ಪಿದನೋ ಮುನಿದನೋ ತಿಳಿಯದೆ ಮಗಳು ಚಡಪಡಿಸಿದಳು. ಮನೆಗೆ ಬಂದವನೇ ಸ್ಕ್ರೂಡ್ರೈವರ್ ಹುಡುಕಿ, ಕಪಾಟಿನ ಬಾಗಿಲು ಬಿಚ್ಚಿ, ಕೀಲುಗಳನ್ನು ಆ ಬದಿಯಿಂದ ಈ ಬದಿಗೆ ಹಾಕಿದ.

ಸಂಜೆ ಹೆಂಡತಿ ಸಕ್ಕರೆ ಡಬ್ಬಿಗೆಂದು ಕೈ ಚಾಚಿದಳು. ಬಾಗಿಲು ಆಚೆಗೆ ತೆರೆದುಕೊಂಡಿತು. ಆದರೂ ಅವಳು ಎಂದಿನಂತೆ ಹಿಂದಕ್ಕೆ ವಾಲಿದಳು.

ಮಗಳು ಕಿಸಕ್ಕನೆ ನಕ್ಕಳು. ಏನಾಯಿತೆಂದು ಅರ್ಥವಾದ ಮೇಲೆ ಅಮ್ಮನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಡಗಿಗೆ ನಗು ಬರಲಿಲ್ಲ. ಹೆಂಡತಿ ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

“ಇನ್ನು ವಾಲೋದು ಬೇಡ ಕಣೇ,” ಎಂದ. ಆಮೇಲೆ ಮಗಳ ಕಡೆ ತಿರುಗಿದ. “ನೀನು ಮನಶ್ಶಾಸ್ತ್ರಾನೇ ಸೇರು. ಆದ್ರೆ ನಾಳೆಯಿಂದ ನನ್ನ ಅಂಗಡಿಗೆ ಬಂದು ಗೆರೆ ಎಳೆಯೋದು ಕಲಿ. ನಿನ್ನ ಆ ಕುಡುಕ ಗೋಡೆ ಮಾತ್ರ ನನ್ನ ಕೈಲಿ ನೋಡೋಕಾಗಲ್ಲ.”