ತೊಂಬತ್ತು ದಿನ

ಮಾಳುವಿನ ಅವಳಿ ಮಕ್ಕಳು ಏಳು ತಿಂಗಳಿಗೇ ಹುಟ್ಟಿದವು. ಮಮದಾಪುರದಿಂದ ಗೋಕಾಕಿನ ದವಾಖಾನೆ ಮುಟ್ಟಿದ ಅರ್ಧ ತಾಸಿಗೆ ಅವನ ಹೆಂಡತಿ ಸುವರ್ಣಾ ಹಡೆದಳು. ಮೊದಲು ಹೆಣ್ಣು, ಅದರ ಬೆನ್ನಿಗೇ ಗಂಡು. ಹೆಣ್ಣುಕೂಸು ಒಂದೂವರೆ ಕಿಲೋ ಇತ್ತು, ಗಂಡು ಒಂದು ಕಿಲೋಗಿಂತ ಸ್ವಲ್ಪವೇ ಹೆಚ್ಚು. ಎರಡನ್ನೂ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ ಆಕ್ಸಿಜನ್ ಹಚ್ಚಿದರು.

ಹದಿನಾರನೆಯ ದಿನ ಹೆಣ್ಣುಕೂಸನ್ನು ಮನೆಗೆ ಕಳಿಸಿದರು. "ಇದು ಗಟ್ಟಿ ಐತ್ರಿ, ಒಯ್ರಿ. ತಾಯಿ ಇದರ ತಮ್ಮನ ಕೂಡ ಇಲ್ಲೇ ಇರಲಿ," ಅಂದಳು ನರ್ಸ್. ಮಾಳುವಿನ ತಾಯಿ ರಾಮವ್ವ ಮೊಮ್ಮಗಳನ್ನು ಸೀರೆಯ ಸೆರಗಿನೊಳಗೆ ಎದೆಗವಚಿಕೊಂಡು ಊರಿಗೆ ಕರೆತಂದಳು. ಸುವರ್ಣಾ ದವಾಖಾನೆಯಲ್ಲಿ ಎದೆಹಾಲು ತೆಗೆದು ಸಣ್ಣ ಬಾಟಲಿಗಳಲ್ಲಿ ತುಂಬಿಡುವಳು. ಮಾಳು ಅವನ್ನು ಬರ್ಫದ ಡಬ್ಬಿಯಲ್ಲಿಟ್ಟುಕೊಂಡು ದಿನಕ್ಕೆ ಎರಡು ಸಲ ಬೈಕಿನ ಮೇಲೆ ಊರಿಗೆ ಒಯ್ಯುವನು. ಅವನು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸದವನು. ಹೆರಿಗೆಯ ಖರ್ಚೆಲ್ಲ ಕಾರ್ಖಾನೆಯವರು ಕೊಡಿಸಿದ್ದ ವಿಮೆ ಕಾರ್ಡಿನ ಮೇಲೆಯೇ ನಡೆದಿತ್ತು.

ಇಪ್ಪತ್ನಾಲ್ಕನೆಯ ದಿನ ಗುರುವಾರ. ಅವತ್ತು ಕಣ್ಣಿನ ಡಾಕ್ಟರು ಬಂದರು. ಹಣೆಗೆ ದೀಪ ಕಟ್ಟಿಕೊಂಡು ಒಂದೊಂದೇ ಪೆಟ್ಟಿಗೆಯ ಕೂಸಿನ ಕಣ್ಣು ಅಗಲಿಸಿ ನೋಡಿದರು. ಮಾಳುವಿನ ಮಗನ ಹತ್ತಿರ ಬಹಳ ಹೊತ್ತು ನಿಂತರು.

"ದಿನಾ ತುಂಬದ ಹುಟ್ಟಿದ ಕೂಸುಗಳಿಗೆ ಕಣ್ಣಿನ ಹಿಂದಿನ ರಕ್ತನಾಳ ಸರಿ ಬೆಳದಿರೂದಿಲ್ಲ. ಅಡ್ಡಾದಿಡ್ಡಿ ಬೆಳದು ಕಣ್ಣೊಳಗಿನ ಪರದೆ ಜಗ್ಗತಾವು. ನಾಳೆನ ಲೇಸರ್ ಹೊಡೀಬೇಕು," ಅಂದರು. ಆಮೇಲೆ ಕಾಗದ ತಿರುವಿ ಹಾಕಿ, "ಅವಳಿ ಅಂತ ಬರದಾರ. ಇನ್ನೊಂದು ಕೂಸೆಲ್ಲಿ?"

"ಊರಾಗ ಐತ್ರಿ ಸಾಹೇಬ್ರ. ಅದು ಗಟ್ಟಿ ಐತಿ," ಅಂದ ಮಾಳು.

"ಗಟ್ಟಿ ಇದ್ರೂ ಕಣ್ಣು ತೋರಿಸಬೇಕು. ಇದ ವಾರದಾಗ ಕರ್ಕೊಂಡ ಬರ್ರಿ."

ಮರುದಿನ ಗಂಡುಕೂಸಿಗೆ ಲೇಸರ್ ಆಯಿತು. ಅದರ ಕಾಗದಕ್ಕೆ ಸಹಿ ಮಾಡಲು ಮಾಳು ಕೆಳಗೆ ವಿಮೆ ಕಾರ್ಡಿನ ಕಿಟಕಿಗೆ ಹೋದ. ಅಲ್ಲಿ ಕೂರುವ ಶೋಭಾಗೆ ಅವನ ಪರಿಚಯ ಚೆನ್ನಾಗಿ ಆಗಿತ್ತು. ಹೆಣ್ಣುಕೂಸಿನ ಮಾತು ತೆಗೆದಾಗ ಆಕೆ ಕಂಪ್ಯೂಟರಿನಲ್ಲಿ ನೋಡಿ ತಲೆಯಾಡಿಸಿದಳು.

"ಅದರ ಹೆಸರು ಕಾರ್ಡಿನ್ಯಾಗ ಇಲ್ರಿ ಅಣ್ಣಾರ."

"ಗಂಡಹುಡುಗನದು ಹೆಂಗ ನಡೀತು ಮತ್ತ?"

"ಅವ ಹುಟ್ಟಿದಾಗಿಂದ ದವಾಖಾನಿ ಬಿಟ್ಟಿಲ್ಲ. ತಾಯಿ ಹೆರಿಗಿ ಲೆಕ್ಕದಾಗ ಬರ್ತಾನ. ಅಕಿ ಒಮ್ಮಿ ಮನಿಗೆ ಹೋಗ್ಯಾಳಲ್ಲ. ಇನ್ನ ಕೂಸು ಹುಟ್ಟಿ ತೊಂಬತ್ತು ದಿನ ತುಂಬಿದ ಮ್ಯಾಲೆನ ಹೆಸರು ಸೇರಸ್ತಾರ." ಆಕೆ ಸುತ್ತ ನೋಡಿ ದನಿ ತಗ್ಗಿಸಿದಳು. "ನಾ ಹೇಳಿದ್ನಿ ಅನಬ್ಯಾಡ್ರಿ. ಈಗ ತೋರಿಸಿ ಡಾಕ್ಟರು ಏನರ ಬರದ್ರಂದ್ರ, ಮುಂದ ಕಂಪನಿಯವ್ರು ಇದು ಮೊದಲಿಂದ ಇದ್ದ ಜಡ್ಡು ಅಂತ ತಗದ ಒಗೀತಾರ. ಹೆಸರು ಸೇರಿದ ಮ್ಯಾಲೆ ತೋರಿಸ್ರಿ. ಗಟ್ಟಿ ಕೂಸಂತೀರಿ, ಎರಡ ತಿಂಗಳದಾಗ ಏನಾಕ್ಕೈತಿ?"

ಶೋಭಾ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಮಾಳುವಿಗೂ ಅದು ಸರಿಯೆನಿಸಿತು. ಈಗ ತೋರಿಸುವುದು ದೊಡ್ಡ ಮಾತಲ್ಲ. ಆದರೆ ನಾಳೆ ಆಪರೇಷನ್ ಅಂದರೆ? ಕಾಗದದಲ್ಲಿ ಒಂದು ಸಾಲು ಬಿದ್ದು ಮಗಳ ಉಪಚಾರವೇ ನಿಂತುಹೋದರೆ? ಡಾಕ್ಟರು ಇದೇ ವಾರ ಅಂದಿದ್ದರು ನಿಜ. ಡಾಕ್ಟರು ಎಲ್ಲದಕ್ಕೂ ಇದೇ ವಾರ ಅನ್ನುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಮನೆಗೆ ಹೋದಾಗ ಮಗಳು ಅವ್ವನ ತೊಡೆಯ ಮೇಲೆ ಹಾಲು ಕುಡಿದು ತೇಗುತ್ತಿದ್ದಳು. ಗಲ್ಲ ತುಂಬಿಕೊಂಡಿತ್ತು.

ಸುವರ್ಣಾ ನಾಲ್ಕು ದಿನ ಬಿಡದೆ ಕೇಳಿದಳು. "ಅಕಿಗೆ ತೋರಿಸಿದ್ರೇನ್ರಿ?"

ಐದನೆಯ ದಿನ ಅವಳ ಕಣ್ಣಲ್ಲಿ ನೀರು ನೋಡಿ ಮಾಳು ಅಂದ: "ಬೆಳಗಾವ್ಯಾಗ ತೋರಿಸ್ಕೊಂಡ ಬಂದೇನಿ. ಚಲೋ ಐತಿ ಅಂದ್ರು."

ಅವಳು ಎರಡೂ ಕೈ ಮುಗಿದು ಗೋಡೆಗೆ ಒರಗಿ ಕುಳಿತಳು. ಹೆತ್ತ ಮೇಲೆ ಅವಳ ಮುಖದಲ್ಲಿ ನಗು ಕಂಡದ್ದು ಅಂದೇ. ಮುಂದಿನ ಗುರುವಾರ ಕಣ್ಣಿನ ಡಾಕ್ಟರು ಮತ್ತೆ ಕೇಳಿದಾಗ ಅವಳೇ ಉತ್ತರ ಕೊಟ್ಟಳು. "ಬೆಳಗಾವ್ಯಾಗ ತೋರಿಸ್ಯಾರ್ರಿ ಸಾಹೇಬ್ರ. ಏನೂ ಇಲ್ಲಂತ." ಡಾಕ್ಟರು ಸಮಾಧಾನದಿಂದ ಮುಂದಿನ ಪೆಟ್ಟಿಗೆಗೆ ಹೋದರು. ಪಕ್ಕದಲ್ಲಿ ನಿಂತಿದ್ದ ಮಾಳು ಹಾಲಿನ ಡಬ್ಬಿ ಎತ್ತಿಕೊಂಡು ಹೊರಗೆ ನಡೆದ.

ಗಂಡುಕೂಸು ಐವತ್ತು ದಿನಕ್ಕೆ ಮನೆಗೆ ಬಂತು. ಎರಡನ್ನೂ ಒಂದೇ ತೊಟ್ಟಿಲಲ್ಲಿ ಹಾಕಿ ಹೆಸರಿಟ್ಟರು. ದ್ರಾಕ್ಷಾಯಿಣಿ, ಲಖನ. ಸುವರ್ಣಾ ಇಬ್ಬರನ್ನೂ ಎರಡು ತೊಡೆಯ ಮೇಲೆ ಮಲಗಿಸಿಕೊಂಡು ಬಗ್ಗಿ ಮಾತಾಡಿಸುವಳು. ಕೆಲವು ವಾರಗಳಲ್ಲಿ ಲಖನ ಅವಳ ಮುಖ ನೋಡಿ ತುಟಿ ಅರಳಿಸತೊಡಗಿದ. ದ್ರಾಕ್ಷಾಯಿಣಿಯ ಕಣ್ಣು ಎತ್ತಲೋ ತೇಲುತ್ತಿದ್ದವು.

"ಇಕಿ ನನ್ನ ನೋಡವಲ್ಲಳ್ರಿ," ಅಂದಳು ಒಂದು ಸಂಜೆ.

"ಇನ್ನ ಸಣ್ಣಾಕಿ ಅದಾಳ," ಅಂದ ಮಾಳು. ಆದರೆ ಅವಳು ಒಳಗೆ ಹೋದ ಮೇಲೆ ಮೊಬೈಲಿನ ದೀಪ ಹಚ್ಚಿ ಮಗಳ ಮುಖದ ಮುಂದೆ ಆಚೀಚೆ ಆಡಿಸಿದ. ಲಖನ ಮಗ್ಗುಲಿನಿಂದಲೇ ದೀಪದ ಹಿಂದೆ ಕಣ್ಣು ಹೊರಳಿಸಿದ. ಮಗಳು ರೆಪ್ಪೆಯನ್ನೂ ಬಡಿಯಲಿಲ್ಲ.

ಹೆಸರು ಸೇರಲು ಇನ್ನೂ ಆರು ದಿನ ಇತ್ತು. ಅವನು ಕಾಯಲಿಲ್ಲ. ಬೆಳಿಗ್ಗೆಯೇ ಹೆಂಡತಿ ಮಗಳನ್ನು ಕರೆದುಕೊಂಡು ಗೋಕಾಕಿಗೆ ಬರುತ್ತಿದ್ದ ಅದೇ ಕಣ್ಣಿನ ಡಾಕ್ಟರು ಕೂರುವ ಬೆಳಗಾವಿಯ ದವಾಖಾನೆಗೆ ಹೋದ. ಡಾಕ್ಟರು ಒಂದು ಕಣ್ಣು ನೋಡಿದರು, ಇನ್ನೊಂದು ನೋಡಿದರು, ಮತ್ತೆ ಮೊದಲಿನದನ್ನೇ ನೋಡಿದರು. ಹಣೆಯ ದೀಪ ಬಿಚ್ಚಿಟ್ಟರು.

"ಎರಡೂ ಕಣ್ಣಿನ ಪರದೆ ಪೂರ್ತಿ ಕಿತ್ತ ಬಂದಾವು. ಮೊದಲು ಯಾರು ನೋಡಿದ್ರು? ಅವರ ಕಾಗದ ಕೊಡ್ರಿ."

ಸುವರ್ಣಾ ಗಂಡನ ಕಡೆಗೆ ತಿರುಗಿದಳು. "ಕಾಗದ ಎಲ್ಲಿಟ್ಟೀರಿ?"

ಮಾಳು ತೋಳಿನಲ್ಲಿದ್ದ ಮಗಳ ಕುಲಾವಿ ಸರಿಮಾಡಿದ.

"ಕೊಡ್ರಲ್ಲಾ," ಅಂದಳು ಸುವರ್ಣಾ.

"ತೋರಿಸೇ ಇಲ್ಲ," ಅಂದ. "ತೊಂಬತ್ತು ದಿನ ಆಗಲಿ ಅಂದ್ರು. ಕಾರ್ಡಿನ್ಯಾಗ ಹೆಸರು ಬರಲಿ ಅಂತ..."

ಡಾಕ್ಟರು ಬರೆಯಲು ತೆಗೆದಿದ್ದ ಪೆನ್ನು ಮೇಜಿನ ಮೇಲಿಟ್ಟರು. "ಬರೇ ನೋಡಾಕ ಕಾರ್ಡ್ ಯಾಕ ಬೇಕಿತ್ತು? ಸರಕಾರಿ ದವಾಖಾನ್ಯಾಗ ಪುಕ್ಕಟ ನೋಡ್ತಿದ್ರು. ಅವತ್ತ ನಾ ಅದನ್ನರ ಹೇಳಬೇಕಿತ್ತು," ಅಂದರು. ಕಡೆಯ ಮಾತು ಅವರಿಗೆ ಅವರೇ ಹೇಳಿಕೊಂಡಂತಿತ್ತು. ಸುವರ್ಣಾ ಮಗಳನ್ನು ಮಾಳುವಿನ ಕೈಯಿಂದ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು. ಆ ದಿನ ಮತ್ತೆ ಅವನ ಕೈಗೆ ಕೊಡಲಿಲ್ಲ.

ಮುಂದಿನ ವಾರ ಕಾರ್ಡಿನಲ್ಲಿ ದ್ರಾಕ್ಷಾಯಿಣಿಯ ಹೆಸರು ಬಂತು. ದೊಡ್ಡ ಊರಿನ ದವಾಖಾನೆಯೊಂದರಲ್ಲಿ ಒಂದು ಕಣ್ಣಿಗೆ ಆಪರೇಷನ್ ಆಯಿತು. ವಿಮೆಯವರು ತಕರಾರು ಮಾಡಲಿಲ್ಲ. ಕಟ್ಟು ಬಿಚ್ಚಿದ ಮೇಲೆ ಅಲ್ಲಿನ ಡಾಕ್ಟರು, ಬೆಳಕು ಕತ್ತಲೆ ಗೊತ್ತಾದರೆ ಅದೇ ದೊಡ್ಡದು, ಇನ್ನೊಂದು ಕಣ್ಣನ್ನು ಮುಟ್ಟುವುದು ಬೇಡ ಅಂದರು. ಲಖನನ ಕಣ್ಣು ಉಳಿದಿದ್ದವು. ಅವನಿಗೆ ಕನ್ನಡಕ ಬೇಕಾಗಬಹುದು, ಅಷ್ಟೆ.

ಅವರು ಊರಿಗೆ ಮರಳಿದಾಗ ರಾಮವ್ವ ಅಂಗಳದಲ್ಲೇ ನಿಂತಿದ್ದಳು. "ಏನಂದ್ರು?" ಅಂದಳು. ಅವಳು ಮೊಮ್ಮಗಳನ್ನು ಇಸಿದುಕೊಂಡು ಕಟ್ಟೆಯ ಮೇಲೆ ಕುಳಿತು ಕೈಬಳೆ ಆಡಿಸಿದಳು. ಕೂಸು ಆ ಕಡೆಗೆ ತಿರುಗಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು.

"ಅಯ್ಯ, ನೋಡಾಕತ್ತೈತಿ! ಮಾಳೂ, ನೋಡಿಲ್ಲಿ, ನನ್ನ ನೋಡಿ ನಗಾಕತ್ತೈತಿ!"

ಮಾಳು ಚೀಲ ಹಿಡಿದುಕೊಂಡು ನಿಂತೇ ಇದ್ದ. ಸುವರ್ಣಾ ಅವನ ಮುಖ ನೋಡಿದಳು. ಅವನೇ ಹೇಳಲಿ ಎಂದು ಕಾದಳು. ಅವನು ತಲೆ ಎತ್ತಲಿಲ್ಲ.

"ಅದು ನೋಡಾಕತ್ತಿಲ್ರಿ ಅತ್ತಿ," ಅಂದಳು ಕೊನೆಗೆ. "ಬಳಿ ಸಪ್ಪಳ ಕೇಳಾಕತ್ತೈತಿ."

ರಾಮವ್ವನಿಗೆ ಕೂಡಲೇ ಅರ್ಥವಾಗಲಿಲ್ಲ. ಅವಳು ಮತ್ತೊಮ್ಮೆ ಬಳೆ ಆಡಿಸಿದಳು. ಕೂಸು ಮತ್ತೆ ನಕ್ಕಿತು.